ಯಾವೂರಿನದು ಈ ಬಾಲಚುಕ್ಕಿ?

ಬಸವೇಶ್ವರನಗರ, ಬೆಂಗಳೂರು
ನವೆಂಬರ್ 2025

ಪ್ರೀತಿಯ ಅಕ್ಕನಿಗೆ,

ಫೋನಿನಲ್ಲಿ ನೀನು ಕೇಳಿದ್ದು ಎರಡು ಪ್ರಶ್ನೆ. ದೀಪಾವಳಿ ಆಸುಪಾಸಿನಲ್ಲಿ ಚಳ್ಳಕೆರೆಯ ಬಯಲಿನಿಂದ ಸಂಜೆ ಪಡುವಣದಲ್ಲಿ ನೀನು ನೋಡಿದ ಲೆಮನ್ ಧೂಮಕೇತು ಎಲ್ಲಿಂದ ಬಂತು, ಮತ್ತೆ ಬರುತ್ತದಾ ಅನ್ನುವುದು ಒಂದು. ಟೀವಿಯಲ್ಲಿ ದಿನಾ ತೋರಿಸುತ್ತಿರುವ 3ಐ/ಅಟ್ಲಾಸ್ ನಮ್ಮ ಸೂರ್ಯನ ಬಳಗದ್ದಲ್ಲ, ಬೇರೆ ನಕ್ಷತ್ರದ ಕಡೆಯದು ಅಂತ ಹೇಗೆ ಕಂಡುಹಿಡಿದರು ಅನ್ನುವುದು ಇನ್ನೊಂದು. ಬಾಯಲ್ಲಿ ಹೇಳಿದರೆ ಮರೆತುಹೋಗುತ್ತೆ, ಬರೆದು ಕಳಿಸು, ಹತ್ತನೇ ಕ್ಲಾಸಿನವರಿಗೂ ಓದಿ ಹೇಳ್ತೀನಿ ಅಂದೆ. ಕಾಲೇಜಿನ ಪೇಪರ್ ತಿದ್ದುವ ಕೆಲಸ ಮುಗಿಸಿ ಇವತ್ತು ಕೂತಿದ್ದೇನೆ. ಉದ್ದವಾಗುತ್ತದೆ, ನಿಧಾನವಾಗಿ ಓದು.

ನಿನ್ನ ಆಕಾಶ ನನಗಿಲ್ಲ. ಹಾವನೂರು ಸರ್ಕಲ್ಲಿನ ದೀಪಗಳು, ಪಟಾಕಿಯ ಹೊಗೆ, ಮಾಗಡಿ ರಸ್ತೆಯಾಚೆ ಸುಂಕದಕಟ್ಟೆಯ ಕಡೆ ತಗ್ಗಿನಲ್ಲಿ ನಿಂತ ಮೋಡ. ಮೋಡ ಬಿಟ್ಟ ಒಂದು ಸಂಜೆ ತಾರಸಿಯಿಂದ ಬೈನಾಕ್ಯುಲರಿನಲ್ಲಿ ಒಂದು ಮಸುಕು ಬೆಳಕು ಸಿಕ್ಕಿತು. ನೀನು ಬಾಲವನ್ನೂ ನೋಡಿದೆಯಲ್ಲ, ಅದೃಷ್ಟವಂತೆ.

ರಾಜಾಜಿನಗರದ ನಮ್ಮ ಬೀದಿಗೆ ಯಾರಾದರೂ ಹೊಸದಾಗಿ ಬಾಡಿಗೆಗೆ ಬಂದರೆ ಅಮ್ಮ ಮೊದಲು ಕೇಳುತ್ತಿದ್ದದ್ದು ನೆನಪಿದೆಯಾ? "ಯಾವೂರಾಯ್ತು ನಿಮ್ಮದು?" ಹೊಸಹಳ್ಳಿಯಲ್ಲಿ ಹತ್ತು ವರ್ಷ ಬಾಡಿಗೆಗಿದ್ದು ಬಂದವರೂ ಹೊಸಹಳ್ಳಿ ಅನ್ನುತ್ತಿರಲಿಲ್ಲ. ತುರುವೇಕೆರೆ ಅನ್ನುವರು, ನಾಗಮಂಗಲ ಅನ್ನುವರು, ಹೊಳಲ್ಕೆರೆ ಅನ್ನುವರು. ಧೂಮಕೇತುವಿಗೂ ಈಗ ಇರುವ ಮನೆ ಒಂದು, ಹುಟ್ಟಿದೂರು ಒಂದು. ಮನೆ ಎಲ್ಲಿದೆ ಅಂತ ಕಕ್ಷೆಯ ಆಕಾರವೇ ಹೇಳಿಬಿಡುತ್ತದೆ. ಹುಟ್ಟಿದೂರು ತಿಳಿಯಲು ಇನ್ನೂ ಸ್ವಲ್ಪ ಹಿಂದಕ್ಕೆ ಹೋಗಬೇಕು, ಅಲ್ಲಿ ಒಂದು ದೊಡ್ಡ ಆಶ್ಚರ್ಯ ಕಾದಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಆಕಾರ. ಇದು ನಿನ್ನ ಗಣಿತ. ಕಕ್ಷೆ ಎಷ್ಟು ಚಪ್ಪಟೆ ಅನ್ನುವುದಕ್ಕೆ ಒಂದು ಸಂಖ್ಯೆ ಇದೆ, ಉತ್ಕೇಂದ್ರತೆ. ಸೊನ್ನೆಯಾದರೆ ಪೂರ್ಣ ವೃತ್ತ. ಒಂದಕ್ಕಿಂತ ಕಡಿಮೆಯಾದರೆ ದೀರ್ಘವೃತ್ತ, ಹೋದದ್ದು ತಿರುಗಿ ಬರುತ್ತದೆ. ಸರಿಯಾಗಿ ಒಂದಾದರೆ ಪರವಲಯ. ಒಂದನ್ನು ದಾಟಿದರೆ ಅತಿಪರವಲಯ, ಸೂರ್ಯನನ್ನು ಒಮ್ಮೆ ಹಾದು ಹೋದದ್ದು ಹೋದದ್ದೇ. ಭೂಮಿಯದು 0.017, ಹೆಚ್ಚುಕಡಿಮೆ ವೃತ್ತವೇ. ಹ್ಯಾಲಿಯದು 0.967. ನೀನು ನೋಡಿದ ಲೆಮನ್ನಿನದು 0.996. ಹೋದ ವರ್ಷ ಸೆಪ್ಟೆಂಬರ್ ಕೊನೆಯಿಂದ ಬೆಂಗಳೂರಿನವರು ನಸುಕಿನಲ್ಲೆದ್ದು ಮೂಡಲ ದಿಗಂತದಲ್ಲಿ ಫೋಟೋ ಹಿಡಿದ ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತುವಿನದು ಒಂದಕ್ಕಿಂತ ಕೂದಲೆಳೆಯಷ್ಟು ಮೇಲೆ, 1.0001. ಅಷ್ಟು ಸಣ್ಣ ವ್ಯತ್ಯಾಸದಲ್ಲಿ ವಾಪಸಾತಿಯೇ ಹೋಗಿಬಿಡುತ್ತದೆ.

1986ರಲ್ಲಿ ಹ್ಯಾಲಿ ನೋಡಲು ಅಪ್ಪ ತಮ್ಮ ಸ್ನೇಹಿತರ ಮೆಟಡೋರಿನಲ್ಲಿ ನಮ್ಮನ್ನು ನಸುಕಿಗೇ ಕೂರಿಸಿಕೊಂಡು ಕೆಂಗೇರಿ ದಾಟಿ ಮೈಸೂರು ರಸ್ತೆಯ ಹೊಲವೊಂದರ ಬದುವಿನಲ್ಲಿ ಇಳಿಸಿದ್ದರು. ಆಗ ಕೆಂಗೇರಿಯಾಚೆ ಅಚ್ಚ ಕತ್ತಲು ಸಿಗುತ್ತಿತ್ತು. ಕಂಡದ್ದು ತೆಂಕಣ ದಿಕ್ಕಿಗೆ ಒಂದು ಮಬ್ಬು ಚುಕ್ಕೆ, ಅಷ್ಟೇ. ನಾನು ನಿದ್ದೆಗಣ್ಣಲ್ಲಿದ್ದೆ. ನೀನು ಅಪ್ಪನನ್ನು ಕೇಳಿದೆ, "76 ವರ್ಷ ಅದು ಎಲ್ಲಿರತ್ತೆ?" ಅಪ್ಪನಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಮಗಳೇ ಅಂತಲೇ ಅಂದರು. ನಾನು ಭೌತಶಾಸ್ತ್ರ ಹಿಡಿದದ್ದರಲ್ಲಿ ನಿನ್ನ ಆ ಪ್ರಶ್ನೆಯ ಪಾಲು ದೊಡ್ಡದು ಅಕ್ಕ. ಇಷ್ಟು ವರ್ಷ ಹೇಳಿರಲಿಲ್ಲ.

ಉತ್ತರ ನೀನೇ ತೆಗೆಯಬಹುದು. ಕೆಪ್ಲರನ ಮೂರನೇ ನಿಯಮ: ಕಾಲವನ್ನು ವರ್ಷದಲ್ಲೂ ದೂರವನ್ನು ಖಗೋಳಮಾನದಲ್ಲೂ ಇಟ್ಟುಕೊಂಡರೆ, ಅವಧಿಯ ವರ್ಗ ಸರಾಸರಿ ದೂರದ ಘನಕ್ಕೆ ಸಮ. ಒಂದು ಖಗೋಳಮಾನ ಅಂದರೆ ಸೂರ್ಯನಿಂದ ಭೂಮಿಗಿರುವ ದೂರ, ಸುಮಾರು 15 ಕೋಟಿ ಕಿಲೋಮೀಟರ್. 76ರ ವರ್ಗ 5,776. ಅದರ ಘನಮೂಲ ಹತ್ತಿರ ಹತ್ತಿರ 18. ಅದರ ಎರಡರಷ್ಟು 36. ಸೂರ್ಯನ ಸಮೀಪ ಬಂದಾಗಿನ ದೂರ 0.6, ಅದನ್ನು ಕಳೆದರೆ 35ಕ್ಕೆ ಸ್ವಲ್ಪ ಮೇಲೆ. ನೆಪ್ಚೂನ್ ಇರುವುದು 30ರಲ್ಲಿ. ಅಂದರೆ ಹ್ಯಾಲಿ ನೆಪ್ಚೂನನ್ನೂ ದಾಟಿ ಹೋಗಿ ತಿರುಗುತ್ತದೆ. ಸೂರ್ಯನ ಬಳಿ ಸೆಕೆಂಡಿಗೆ 54 ಕಿಲೋಮೀಟರ್ ಓಡುವುದು ಅಲ್ಲಿ ಒಂದು ಕಿಲೋಮೀಟರ್ ಕೂಡ ಓಡುವುದಿಲ್ಲ. ಹಾಗಾಗಿ ಅದರ ಆಯುಷ್ಯದ ಬಹುಪಾಲು ಆ ಕತ್ತಲಲ್ಲೇ ಕಳೆಯುತ್ತದೆ, ನಮ್ಮ ಹತ್ತಿರ ಇರುವುದು ಕೆಲವೇ ತಿಂಗಳು. 2023ರ ಡಿಸೆಂಬರ್ 9ರಂದು ಅದು ತನ್ನ ತುತ್ತತುದಿ ಮುಟ್ಟಿತು. ಈಗ ಈ ಕಡೆಗೆ ಬರುತ್ತಿದೆ. ಸೂರ್ಯನನ್ನು ಮುಂದಿನ ಸಲ ಸಮೀಪಿಸುವುದು 2061ರ ಜುಲೈ ಕೊನೆಗೆ.

76 ಅಂದರೂ ಪ್ರತಿ ಸಲ ಅಷ್ಟೇ ಆಗುವುದಿಲ್ಲ. ದಾರಿಯಲ್ಲಿ ಗುರು, ಶನಿ ಎಳೆಯುತ್ತವೆ. ಈ ಎಳೆತದ ಲೆಕ್ಕವನ್ನು ಮೊದಲು ಮಾಡಿದವರಲ್ಲಿ ಒಬ್ಬಾಕೆ ಇದ್ದಳು, ನಿನ್ನ ಹೆಣ್ಣುಮಕ್ಕಳಿಗೆ ಅವಳ ಕಥೆ ಹೇಳಲೇಬೇಕು. ಎಡ್ಮಂಡ್ ಹ್ಯಾಲಿ 1705ರಲ್ಲಿ, 1531, 1607, 1682ರಲ್ಲಿ ಬಂದದ್ದು ಒಂದೇ ಧೂಮಕೇತು, 1758ರ ಸುಮಾರಿಗೆ ಮತ್ತೆ ಬರುತ್ತದೆ ಅಂದ. 1742ರಲ್ಲಿ ತೀರಿಕೊಂಡ. ಹೇಳಿದ ಕಾಲ ಹತ್ತಿರವಾದಾಗ ಪ್ಯಾರಿಸ್ಸಿನಲ್ಲಿ ಅಲೆಕ್ಸಿ ಕ್ಲೆರೋ, ಜೆರೋಮ್ ಲಲಾಂದ್, ನಿಕೋಲ್-ರೀನ್ ಲೆಪೋತ್ ಮೂವರೂ ತಿಂಗಳುಗಟ್ಟಲೆ ಬೆಳಗಿನಿಂದ ರಾತ್ರಿವರೆಗೆ ಕೂತು ಗುರು ಶನಿಗಳ ಎಳೆತವನ್ನು ಡಿಗ್ರಿ ಡಿಗ್ರಿಯಾಗಿ ಕೂಡಿದರು. ಊಟದ ಹೊತ್ತಿನಲ್ಲೂ ಲೆಕ್ಕ ನಡೆಯುತ್ತಿತ್ತಂತೆ. ಗುರುವಿನಿಂದ 518 ದಿನ, ಶನಿಯಿಂದ 100 ದಿನ ತಡ, ಆದ್ದರಿಂದ 1759ರ ಏಪ್ರಿಲ್ ನಡುವಿಗೆ ಸೂರ್ಯನನ್ನು ಸಮೀಪಿಸುತ್ತದೆ, ಒಂದು ತಿಂಗಳು ಹೆಚ್ಚುಕಡಿಮೆ ಆಗಬಹುದು ಅಂದರು. ಸ್ಯಾಕ್ಸನಿಯ ಪಾಲಿಚ್ ಎಂಬ ರೈತ 1758ರ ಕ್ರಿಸ್‌ಮಸ್ ದಿನ ಅದನ್ನು ಕಂಡ. ಸೂರ್ಯನ ಸಮೀಪಕ್ಕೆ ಬಂದದ್ದು 1759ರ ಮಾರ್ಚ್ 13ಕ್ಕೆ. ಅಷ್ಟು ದೊಡ್ಡ ಲೆಕ್ಕದಲ್ಲಿ ಬಂದ ತಪ್ಪು ಒಂದೇ ತಿಂಗಳಿನದು! ಆಮೇಲೆ ಕ್ಲೆರೋ ಪುಸ್ತಕ ಬರೆದಾಗ ಲೆಪೋತಳ ಹೆಸರು ಅದರಲ್ಲಿಲ್ಲ. ಅವಳ ಪಾಲನ್ನು ಒಪ್ಪಿ ಬರೆದಿಟ್ಟವನು ಲಲಾಂದ್. ನಿನಗೆ ಬಿ.ಎಸ್ಸಿ. ಮುಗಿದ ಮೇಲೆ ಮುಂದೆ ಓದಲು ಆಗದೆ ಹೋದದ್ದು ನನಗೆ ಈ ಕಥೆ ಓದುವಾಗೆಲ್ಲ ನೆನಪಾಗುತ್ತದೆ. ಸುಮ್ಮನೆ ಹೇಳಿದೆ, ಬೇಸರ ಮಾಡಿಕೊಳ್ಳಬೇಡ.

ನಮ್ಮ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಕೇತುಗಳ ಉದಯಾಸ್ತವನ್ನು ಗಣಿತದಿಂದ ತಿಳಿಯಲಾಗದು ಅಂತ ಹೇಳಿದ್ದ. ಅವನ ಕಾಲಕ್ಕೆ ಅದು ಪ್ರಾಮಾಣಿಕ ಮಾತು. ಆ ಮಾತು ಮುಗಿದದ್ದು 1759ರಲ್ಲಿ.

ಈಗ ನಿನ್ನ ಲೆಮನ್ನಿಗೆ ಬರೋಣ. ಇದೇ ವರ್ಷ ಜನವರಿ 3ರಂದು ಅಮೆರಿಕದ ಅರಿಜೋನಾದ ಮೌಂಟ್ ಲೆಮನ್ ವೀಕ್ಷಣಾಲಯದಲ್ಲಿ ಸಿಕ್ಕಿದ್ದು, ಅದಕ್ಕೇ ಆ ಹೆಸರು. ಅಕ್ಟೋಬರ್ 21ಕ್ಕೆ ಭೂಮಿಗೆ ಅತಿ ಹತ್ತಿರ, ನವೆಂಬರ್ 8ಕ್ಕೆ ಸೂರ್ಯನಿಗೆ. ಬರುವಾಗ ಅದರ ಸುತ್ತು ಸುಮಾರು 1,350 ವರ್ಷದ್ದಾಗಿತ್ತು. ಗ್ರಹಗಳ ನಡುವೆ ಹಾದುಹೋಗುವಷ್ಟರಲ್ಲಿ ಆದ ಎಳೆದಾಟದಿಂದ ವೇಗ ತುಸು ಕಳೆದುಕೊಂಡು, ಹೋಗುವಾಗ ಅದು 1,150 ವರ್ಷದ್ದಾಗಿದೆ. ಹಿಂದಿನ ಸಲ ಬಂದಾಗ ಬಾದಾಮಿಯಲ್ಲಿ ಚಾಲುಕ್ಯರ ಕಾಲ. 1997ರಲ್ಲಿ ನಾವೆಲ್ಲ ಬರಿಗಣ್ಣಲ್ಲಿ ನೋಡಿದ ಹೇಲ್-ಬಾಪ್‌ಗೆ ಇನ್ನೂ ದೊಡ್ಡ ಬದಲಾವಣೆ ಆಯಿತು. 4,200 ವರ್ಷದ ಸುತ್ತು, ಗುರುವಿನ ಹತ್ತಿರ ಹಾದದ್ದರಿಂದ 2,500ರ ಆಸುಪಾಸಿಗೆ ಇಳಿಯಿತು. ಆದ್ದರಿಂದ "ಮತ್ತೆ ಬರುತ್ತದಾ" ಅನ್ನುವ ಪ್ರಶ್ನೆಗೆ ಲೆಮನ್ ವಿಷಯದಲ್ಲಿ ನನ್ನ ಉತ್ತರ: ಬರುತ್ತದೆ. ನಾವಿರುವುದಿಲ್ಲ, ಕನ್ನಡ ಇರಲಿ.

ಇಂಥ ನೂರಾರು ಕಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಎರಡು ಬಳಗ ಎದ್ದು ಕಾಣುತ್ತವೆ. ಒಂದರದು ಚಿಕ್ಕ ಸುತ್ತು, 20 ವರ್ಷದೊಳಗೆ. ಗ್ರಹಗಳು ಸುತ್ತುವ ದಿಕ್ಕಿನಲ್ಲೇ, ಹೆಚ್ಚುಕಡಿಮೆ ಅದೇ ಸಮತಲದಲ್ಲಿ ಓಡಾಡುತ್ತವೆ. ಇವುಗಳ ತುದಿ ಹೆಚ್ಚಾಗಿ ಗುರುವಿನ ಕಕ್ಷೆಯ ಆಸುಪಾಸಿನಲ್ಲೇ ಇರುವುದರಿಂದ ಗುರುವಿನ ಕುಟುಂಬ ಅಂತಲೇ ಹೆಸರು. 2014ರ ನವೆಂಬರ್ 12ರಂದು ಯೂರೋಪಿನವರ ಫೀಲೆ ಎಂಬ ಪುಟ್ಟ ನೌಕೆ ಇಳಿಯಿತಲ್ಲ, ಆ ಚುರ್ಯುಮೋವ್-ಗೆರಾಸಿಮೆಂಕೊ ಈ ಕುಟುಂಬದ್ದು. ಇನ್ನೊಂದು ಬಳಗ ಯಾವ ಶಿಸ್ತಿಗೂ ಸೇರದು. ಮೇಲಿನಿಂದ, ಕೆಳಗಿನಿಂದ, ನೇರವಾಗಿ, ಹಿಮ್ಮುಖವಾಗಿ, ಎಲ್ಲ ಕಡೆಯಿಂದಲೂ ಬರುತ್ತವೆ. ಸುತ್ತು ಸಾವಿರಾರು, ಲಕ್ಷಾಂತರ ವರ್ಷದ್ದು. ಹ್ಯಾಲಿಯ ಅವಧಿ ಚಿಕ್ಕದಾದರೂ ಅದು ಗ್ರಹಗಳ ದಿಕ್ಕಿಗೆ ಎದುರಾಗಿ ಸುತ್ತುತ್ತದೆ. ಆ ಗುಣ ನೋಡಿದರೆ ಅದು ಈ ಎರಡನೆಯ ಕಡೆಯಿಂದ ಬಂದು ಗ್ರಹಗಳ ಎಳೆತಕ್ಕೆ ಸಿಕ್ಕಿಬಿದ್ದದ್ದು.

ಚಪ್ಪಟೆಯಾಗಿ ಬರುವವುಗಳ ಮನೆಯೂ ಚಪ್ಪಟೆಯಾಗಿಯೇ ಇರಬೇಕಲ್ಲವೇ. ನೆಪ್ಚೂನಿನಾಚೆ ಹಿಮದ ಕಾಯಗಳ ಪಟ್ಟಿ ಒಂದು ಇರಬೇಕು, ಈ ಚಿಕ್ಕ ಸುತ್ತಿನವು ಅಲ್ಲಿಂದ ಬರುತ್ತವೆ ಅಂತ ಉರುಗ್ವೆಯ ಹೂಲಿಯೊ ಫರ್ನಾಂಡಿಸ್ 1980ರಲ್ಲಿ ವಾದಿಸಿದರು. 1992ರಲ್ಲಿ ಡೇವಿಡ್ ಜೂವಿಟ್ ಮತ್ತು ಜೇನ್ ಲೂ ಹವಾಯಿಯ ಮೌನಾ ಕೇಯಾದಿಂದ ಪ್ಲೂಟೋ ಬಿಟ್ಟರೆ ಅಲ್ಲಿಯ ಮೊದಲ ಕಾಯವನ್ನು ಕಂಡರು. ಕೈಪರ್ ಪಟ್ಟಿ ಅನ್ನುವುದು ಅದನ್ನೇ. ಅದರ ಅಂಚಿನಲ್ಲಿ ನೆಪ್ಚೂನ್ ಕದಡಿ ಚೆದುರಿಸಿದ ಕಾಯಗಳೂ ಇವೆ. ಗುರುವಿನ ಕುಟುಂಬಕ್ಕೆ ಹೊಸಬರು ಸೇರುವುದು ಹೆಚ್ಚಾಗಿ ಅಲ್ಲಿಂದ.

ಎರಡನೇ ಬಳಗದ ಮನೆ ಹುಡುಕಿದ ಕಥೆಗೆ ನಮ್ಮ ಊರಿನ ಪಕ್ಕದ ನಂಟೊಂದಿದೆ. 1949ರಲ್ಲಿ, ರಾಜಾಜಿನಗರಕ್ಕೆ ಅಡಿಗಲ್ಲು ಬಿದ್ದ ವರ್ಷ, ಹಾರ್ವರ್ಡಿನಲ್ಲಿ ಓದುತ್ತಿದ್ದ ವೇಣು ಬಾಪ್ಪು ಜುಲೈ 2ರಂದು ಒಂದು ಫೋಟೋ ಫಲಕದಲ್ಲಿ ಹೊಸ ಧೂಮಕೇತು ಕಂಡರು. ಗುರು ಬಾರ್ಟ್ ಬಾಕ್, ಸಹಪಾಠಿ ಗಾರ್ಡನ್ ನ್ಯೂಕರ್ಕ್ ಜೊತೆಗಿದ್ದರು. ಬಾಪ್ಪು-ಬಾಕ್-ನ್ಯೂಕರ್ಕ್ ಅಂತ ಅದಕ್ಕೆ ಹೆಸರಾಯಿತು. ಸುಮಾರು 60,000 ವರ್ಷಕ್ಕೆ ಮರಳುತ್ತದೆ ಎಂಬುದು ಅವರು ಹಾಕಿದ ಲೆಕ್ಕ. ಇದೇ ಬಾಪ್ಪು ಮುಂದೆ 1971ರಲ್ಲಿ ಭಾರತೀಯ ಖಭೌತ ಸಂಸ್ಥೆ ಕಟ್ಟಿದರು. ಅದೇ ಇವತ್ತು ಕೋರಮಂಗಲದಲ್ಲಿರುವುದು. ಕಾವಲೂರಿನ ವೀಕ್ಷಣಾಲಯಕ್ಕೆ ಅವರದೇ ಹೆಸರು. ಬೆಂಗಳೂರಿನ ಆಕಾಶ ನೋಡುವ ಹುಡುಗರೆಲ್ಲ ಅವರಿಗೆ ಋಣಿಗಳು ಅನ್ನುವುದು ನನ್ನ ಅಭಿಪ್ರಾಯ.

ಮರುವರ್ಷ, 1950ರಲ್ಲಿ, ಹಾಲೆಂಡಿನ ಯಾನ್ ಊರ್ಟ್ ಬರೀ 19 ಧೂಮಕೇತುಗಳ ಕಕ್ಷೆ ಮುಂದಿಟ್ಟುಕೊಂಡು ಕೂತರು. ಗ್ರಹಗಳು ಕೆಡಿಸುವುದಕ್ಕೆ ಮುಂಚೆ ಅವು ಯಾವ ದಾರಿಯಲ್ಲಿದ್ದವು ಅಂತ ಹಿಂದಕ್ಕೆ ಲೆಕ್ಕ ಹಾಕಿದರೆ ಬಹಳಷ್ಟರ ತುದಿ ಒಂದೇ ವಲಯದಲ್ಲಿ ಬಂತು: 50,000 ಖಗೋಳಮಾನ ಮತ್ತು ಅದರಾಚೆ. ಹೊರಗಿನಿಂದ ಬಂದ ಲಕ್ಷಣ ಯಾವುದಕ್ಕೂ ಇಲ್ಲ. ದಿಕ್ಕು ಮಾತ್ರ ಎಲ್ಲ ಕಡೆಯದು. ಹಾಗಾದರೆ ಸೂರ್ಯನನ್ನು ಗೋಳಾಕಾರವಾಗಿ ಸುತ್ತುವರಿದು ಹತ್ತು ಸಾವಿರ ಕೋಟಿಗೂ ಮಿಕ್ಕಿದ ಧೂಮಕೇತುಗಳ ಮೋಡವೊಂದು ಅಲ್ಲಿರಬೇಕು ಅಂದರು. ಊರ್ಟ್ ಮೋಡ. ಅದರೊಳಗೆ ಇರುವಾಗಲೇ ಒಂದು ಕಾಯವನ್ನು ಯಾರೂ ಇವತ್ತಿನವರೆಗೆ ಕಂಡಿಲ್ಲ. 1977ರಲ್ಲಿ ಹೊರಟ ವಾಯೇಜರ್-1 ಅದರ ಒಳ ಅಂಚು ಮುಟ್ಟಲು ಇನ್ನೂ 300 ವರ್ಷ ಬೇಕು. 19 ಕಕ್ಷೆಗಳಿಂದ ಇಷ್ಟನ್ನು ಹೇಳಿದ ಧೈರ್ಯವನ್ನು ನಾನು ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳುತ್ತೇನೆ. ಹೇಳುವಾಗ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ.

ಅಲ್ಲಿಂದ ಅವು ಬೀಳುವುದು ಹೇಗೆ? ಭೂಮಿಯಷ್ಟು ಸಮೀಪಕ್ಕೆ ಬರುವ ಒಂದು ಧೂಮಕೇತು 50,000 ಖಗೋಳಮಾನದ ತುದಿಯಲ್ಲಿ ಎಷ್ಟು ವೇಗದಲ್ಲಿರುತ್ತದೆ ಅಂತ ಲೆಕ್ಕ ಹಾಕು. ಗಂಟೆಗೆ ಮೂರು ಕಿಲೋಮೀಟರ್. ನಾವು ನಡೆಯುವುದಕ್ಕಿಂತ ನಿಧಾನ. ಅಷ್ಟು ಮೆಲ್ಲಗಿರುವುದಕ್ಕೆ ಯಾವ ನೂಕೂ ಸಾಕು. ಹತ್ತಿರ ಹಾದುಹೋಗುವ ನಕ್ಷತ್ರವೋ, ನಮ್ಮ ಆಕಾಶಗಂಗೆಯದೇ ಎಳೆತವೋ ಅದರ ದಾರಿಯನ್ನು ತುಸು ತಿರುಗಿಸಿದರೆ ಅದು ಸೂರ್ಯನ ಕಡೆ ಜಾರತೊಡಗುತ್ತದೆ. ಇಲ್ಲಿಗೆ ತಲುಪಲು 20 ಲಕ್ಷ ವರ್ಷ. ಇಲ್ಲಿ ಮನುಷ್ಯರು ಇನ್ನೂ ಹುಟ್ಟುವ ಮುಂಚೆಯೇ ಹೊರಟದ್ದು ಹೋದ ವರ್ಷ ನಮ್ಮೂರಿನವರ ಮೊಬೈಲಿನಲ್ಲಿ ಸಿಕ್ಕಿತು.

ಈಗ ಆಶ್ಚರ್ಯದ ಮಾತು. ಅಷ್ಟು ದೂರದಲ್ಲಿ ಧೂಮಕೇತು ಹುಟ್ಟಲಾರದು. ಒಂದಕ್ಕೊಂದು ಅಂಟಿ ಬೆಳೆಯುವಷ್ಟು ಹಿಮ, ಧೂಳು ಅಲ್ಲಿ ಎಂದೂ ಇರಲಿಲ್ಲ. 460 ಕೋಟಿ ವರ್ಷದ ಹಿಂದೆ ಗುರು, ಶನಿ, ಯುರೇನಸ್, ನೆಪ್ಚೂನ್ ಬೆಳೆಯುತ್ತಿದ್ದ ಜಾಗದಲ್ಲೇ, ಅವುಗಳ ಒಡನಾಡಿಗಳಾಗಿಯೇ, ಇವುಗಳಲ್ಲಿ ಬಹುಪಾಲು ಹುಟ್ಟಿದವು. ಗ್ರಹಗಳು ದೊಡ್ಡದಾದಂತೆ ಚಿಕ್ಕವನ್ನು ಹೊರಗೆಸೆದವು. ಕೆಲವು ಸೂರ್ಯನ ಹಿಡಿತದ ಕೊನೆಯ ಅಂಚಿನಲ್ಲಿ ನಿಂತವು, ಬಹಳಷ್ಟು ಅದನ್ನೂ ದಾಟಿ ಹೋದವು. ಕೈಪರ್ ಪಟ್ಟಿಯವು ಹುಟ್ಟಿದ್ದು ಅದಕ್ಕಿಂತ ಹೊರಗೆ, ಹೆಚ್ಚು ದೂರ ಹೋಗಲಿಲ್ಲ. ಅಂದರೆ ಇವತ್ತು ಎಲ್ಲಕ್ಕಿಂತ ದೂರದಿಂದ ಬರುವವು ಸೂರ್ಯನಿಗೆ ಹೆಚ್ಚು ಹತ್ತಿರ ಹುಟ್ಟಿದವು. ತ್ಸುಚಿನ್‌ಶಾನ್ ಅಂಥದ್ದೇ ಒಂದು ಇರಬೇಕು. ಅದು ಹೊಸ ಅತಿಥಿ ಅಂತ ಪತ್ರಿಕೆಗಳು ಬರೆದವು. ನಾನಾದರೆ ತವರಿಗೆ ಬಂದು ಹೋಯಿತು ಅನ್ನುತ್ತೇನೆ.

3ಐ/ಅಟ್ಲಾಸ್‌ಗೆ ಆ ತವರು ಇಲ್ಲಿಲ್ಲ. ಜುಲೈ 1ರಂದು ಚಿಲಿಯ ದೂರದರ್ಶಕಕ್ಕೆ ಅದು ಸಿಕ್ಕಾಗ ಸೂರ್ಯನಿಂದ ನಾಲ್ಕೂವರೆ ಖಗೋಳಮಾನ ದೂರದಲ್ಲಿತ್ತು. ಅಷ್ಟು ದೂರದಲ್ಲಿ ಸೂರ್ಯನಿಗೆ ಕಟ್ಟುಬಿದ್ದ ಯಾವ ಕಾಯವೂ ಸೆಕೆಂಡಿಗೆ 20 ಕಿಲೋಮೀಟರಿಗಿಂತ ಜೋರಾಗಿ ಓಡಲಾರದು. ಇದು 60 ಕಿಲೋಮೀಟರಿನಲ್ಲಿತ್ತು. ನಿನ್ನ ಎರಡನೇ ಪ್ರಶ್ನೆಗೆ ಉತ್ತರ ಈ ಎರಡು ಸಂಖ್ಯೆಗಳಲ್ಲೇ ಇದೆ. ಅದರ ಉತ್ಕೇಂದ್ರತೆ 6ಕ್ಕೂ ಸ್ವಲ್ಪ ಹೆಚ್ಚು, ದಾರಿ ಬಾಗಿದ್ದೇ ಕಡಿಮೆ. 2019ರ ಬೋರಿಸೋವ್‌ನದು 3.36. ಅದಕ್ಕೆ ಮುಂಚೆ, 2017ರಲ್ಲಿ ಓಮುವಾಮುವಾ. ಹೀಗೆ ಹೊರಗಿನಿಂದ ಬಂದವು ಅಂತ ಗೊತ್ತಿರುವುದು ಈ ಮೂರೇ. 3ಐ ಸುತ್ತಲಿನ ಅನಿಲದಲ್ಲಿ ನೀರಾವಿಗಿಂತ ಇಂಗಾಲದ ಡೈಆಕ್ಸೈಡ್ ಬಹಳ ಹೆಚ್ಚು ಅಂತ ಜೇಮ್ಸ್ ವೆಬ್ ದೂರದರ್ಶಕ ಕಂಡಿದೆ. ಯಾವುದೋ ನಕ್ಷತ್ರದ ಬಳಿಯೂ ಒಂದು ಗುರು ಬೆಳೆದು ತನ್ನ ಒಡನಾಡಿಗಳನ್ನು ಹೀಗೇ ಹೊರಗೆಸೆದಿರಬೇಕು. ನಮ್ಮ ಗ್ರಹಗಳು ಎಸೆದವೂ ಈ ಹೊತ್ತಿಗೆ ಎಷ್ಟೋ ನಕ್ಷತ್ರಗಳ ನಡುವೆ ಓಡುತ್ತಿರುತ್ತವೆ. ತ್ಸುಚಿನ್‌ಶಾನ್ ಕೂಡ ಬಹುಶಃ ಆ ದಾರಿ ಹಿಡಿದಿದೆ. ಎಲ್ಲೋ ಒಂದು ಆಕಾಶದಲ್ಲಿ ಅದೂ ಹೊರಗಿನದೇ ಆಗುತ್ತದೆ.

ನಿಮ್ಮ ಪಕ್ಕದ ಮನೆಯ ಹಿರಿಯರು ಇದು ಅಪಶಕುನ ಅಂದು ಬಾಗಿಲು ಹಾಕಿಕೊಂಡರು ಅಂದೆಯಲ್ಲ, ಅವರ ಮೇಲೆ ಸಿಟ್ಟಾಗಬೇಡ. 1910ರಲ್ಲಿ ಹ್ಯಾಲಿಯ ಬಾಲದಲ್ಲಿ ಸಯನೋಜನ್ ಅನಿಲ ಇದೆ ಅಂತ ತಿಳಿದಾಗ ಯೂರೋಪು ಅಮೆರಿಕಗಳಲ್ಲೇ ಜನ ಹೆದರಿ ಕಿಟಕಿ ಸಂದಿಗಳನ್ನು ಮುಚ್ಚಿಕೊಂಡಿದ್ದರು. ಅದೇ ಹ್ಯಾಲಿಯನ್ನು ಕೊಡೈಕೆನಾಲಿನ ವೀಕ್ಷಣಾಲಯದಲ್ಲಿ ಎವರ್ಶೆಡ್ ಫೋಟೋ ತೆಗೆಯುತ್ತಿದ್ದರು. ಮುಂದಿನ ಸಲ ಯಾವುದಾದರೂ ಬಂದಾಗ ಆ ಹಿರಿಯರನ್ನು ಕೈಹಿಡಿದು ಬಯಲಿಗೆ ಕರೆದುಕೊಂಡು ಹೋಗಿ ತೋರಿಸು. ಒಮ್ಮೆ ನೋಡಿದವರಿಗೆ ಹೆದರಿಕೆ ಉಳಿಯುವುದು ಕಷ್ಟ.

ಮಕ್ಕಳಿಗೆ ಎರಡು ಲೆಕ್ಕ ಕೊಡು. ಎಂಕೆ ಧೂಮಕೇತುವಿನ ಅವಧಿ 3.3 ವರ್ಷ, ಸೂರ್ಯನಿಗೆ ಸಮೀಪದ ದೂರ 0.34 ಖಗೋಳಮಾನ. ಚುರ್ಯುಮೋವ್-ಗೆರಾಸಿಮೆಂಕೊದು 6.45 ವರ್ಷ, 1.24. ಹ್ಯಾಲಿಗೆ ಮಾಡಿದ ಹಾಗೆಯೇ ಎರಡರ ದೂರದ ತುದಿಯನ್ನೂ ತೆಗೆಯಲಿ. ಗುರು 5.2ರಲ್ಲಿದೆ. ಯಾವುದು ಗುರುವನ್ನು ದಾಟುತ್ತದೆ, ಯಾವುದು ದಾಟುವುದಿಲ್ಲ ಅಂತ ಅವರೇ ಹೇಳಲಿ. ಮಾಡಿದ ಹಾಳೆಗಳ ಫೋಟೋ ಕಳಿಸು, ನಾನೇ ನೋಡುತ್ತೇನೆ. ಸಂಕ್ರಾಂತಿ ರಜೆಗೆ ಬರುವಾಗ ಬೈನಾಕ್ಯುಲರ್ ತರುತ್ತೇನೆ, ಅದು ನಿನ್ನ ಸ್ಕೂಲಿಗೇ ಇರಲಿ. ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ ಪ್ರೀತಿಯ
ತಂಗಿ